ಮೂರನೆಯ ಬೆಣೆ

ಅಕ್ಕ ಊಟಕ್ಕೆ ಕೂತಾಗ ಎಡಗಾಲಿನ ಮೊಣಕಾಲನ್ನು ಅಡ್ಡಣಿಗೆಯ ಅಂಚಿಗೆ ಒತ್ತಿ ಹಿಡಿಯುತ್ತಿದ್ದಳು. ನಮ್ಮ ಕಡೆಯ ಲಿಂಗವಂತರ ಮನೆಗಳಲ್ಲಿ ಊಟದ ಗಂಗಾಳವನ್ನು ನೆಲದ ಮೇಲೆ ಇಡುವುದಿಲ್ಲ. ಗೇಣೆತ್ತರದ, ಮೂರು ಕಾಲಿನ ಅಡ್ಡಣಿಗೆಯ ಮೇಲಿಟ್ಟು ಉಣ್ಣುತ್ತೇವೆ. ಅಕ್ಕನ ಅಡ್ಡಣಿಗೆಗೆ ಒಂದು ಕಾಲು ಸಡಿಲ. ಮೊಣಕಾಲು ತೆಗೆದರೆ ಅದು ವಾಲುತ್ತಿತ್ತು. ನಲವತ್ತು ವರ್ಷ ಅವಳು ಹಾಗೆಯೇ ಉಂಡಳು.

ಮನೆಗೆ ಬಂದ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. "ಊರಿಗೆಲ್ಲಾ ಅಡ್ಡಣಿಗಿ ಮಾಡಿಕೊಡ್ತಿ, ನಿನ್ನ ಅಡ್ಡಣಿಗಿಗೇ ಕಾಲ ನೆಟ್ಟಗಿಲ್ಲಲ್ಲಬೇ?"

"ನನ್ನ ಮೊಳಕಾಲ ಐತಲ್ಲ, ಅದ ನಾಕನೇ ಕಾಲ" ಎನ್ನುತ್ತಿದ್ದಳು ಅಕ್ಕ.

ಅವರು ನಗುತ್ತಿದ್ದರು. ಅಲ್ಲಿದ್ದರೆ ನಾನೂ ನಗುತ್ತಿದ್ದೆ.

ಕಳೆದ ಮಾಘದಲ್ಲಿ ಅಕ್ಕ ಲಿಂಗೈಕ್ಯಳಾದಳು. ನನಗೆ ಬರೆಯುವುದು ಅಷ್ಟಾಗಿ ಬಾರದು. ಜಕ್ಕಲಿಯ ನಮ್ಮ ಮಠದ ಅಯ್ಯನವರು ಉಸುಕಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಅಕ್ಷರಗಳೇ ನನ್ನ ವಿದ್ಯೆ. ಎರಡು ಮಳೆಗಾಲ ಕಲಿತು ಬಿಟ್ಟೆ. ಆದರೆ ಈ ಮಾತನ್ನು ಬಾಯಲ್ಲಿ ಹೇಳುವ ವಯಸ್ಸು ದಾಟಿಹೋಯಿತು, ಕೇಳಬೇಕಾದವಳೂ ಹೋದಳು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನಿಗೆ ಒಂದು ಕಣ್ಣು ಮುಚ್ಚಿ ನೋಡುವ ಚಟ. ಹೊಸ ಬಾಗಿಲ ಚೌಕಟ್ಟು, ಹೊಲದ ಸಾಲು, ಒಲೆಯ ಮೇಲಿನ ರೊಟ್ಟಿ, ಯಾವುದನ್ನು ಕಂಡರೂ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಅಂಚಿನ ಗುಂಟ ನೋಡುತ್ತಿದ್ದಳು. ನನ್ನ ಹೆಂಡತಿ ಮೊದಲ ಸಲ ಮನೆ ತುಂಬಿದಾಗ ಅವಳನ್ನೂ ಹಾಗೆಯೇ ನೋಡಿದಳಂತೆ. "ನಿಮ್ಮಕ್ಕ ನನಗ ಕಣ್ಣ ಹೊಡದ್ರು" ಎಂದು ಹೆಂಡತಿ ಹೆದರಿಕೊಂಡು ಹೇಳಿದಳು. ಅಕ್ಕನನ್ನು ಕೇಳಿದರೆ, "ಸೀದಾ ಅದಾಳ ಬಿಡು, ಸ್ವಲ್ಪ ಎಡಕ್ಕ ಬಾಗ್ತಾಳ" ಎಂದಳು.

ಇದು ಬಂದದ್ದು ನೆರೆಮನೆಯ ಬಡಿಗೇರ ಮುದುಕನಿಂದ. ಚಿಕ್ಕಂದಿನಲ್ಲಿ ಅಕ್ಕ ಒಲೆ ಹೊತ್ತಿಸಲು ಅವನ ಅಂಗಳದಿಂದ ಕಟ್ಟಿಗೆಯ ಚೆಕ್ಕೆ ಆರಿಸಿ ತರುತ್ತಿದ್ದಳು. ಬುಟ್ಟಿ ತುಂಬಿದ ಮೇಲೂ ಕೂತು ನೋಡುತ್ತಿದ್ದಳು. ಮುದುಕ ಬಾಚಿಯಿಂದ ಚಕ್ಕಡಿಯ ಅಚ್ಚು ಕೆತ್ತುವಾಗ ಆಚೆ ತುದಿ ಹಿಡಿಯುವವರು ಬೇಕಲ್ಲ, ಅದನ್ನು ಹಿಡಿಯುತ್ತಿದ್ದಳು. ಲಗ್ನವಾಗಿ ಗಂಡನ ಮನೆಗೆ ಹೋದಳು. ಎರಡು ವರ್ಷದಲ್ಲಿ ವಾಂತಿಭೇದಿಗೆ ಗಂಡ ತೀರಿಕೊಂಡ. ಅವಳು ತಿರುಗಿ ಬಂದಾಗ ಮುದುಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೊರಸಿನ ಮೇಲೆ ಕೂತು ಕಟ್ಟಿಗೆಯನ್ನು ಕೈಯಿಂದ ಸವರಿಯೇ ಇದು ಜಾಲಿ, ಇದು ಬೇವು ಎನ್ನುತ್ತಿದ್ದ.

ನರಗುಂದದ ಅರಸರು ಇಂಗ್ರೇಜರ ಮೇಲೆ ಎದ್ದ ಗದ್ದಲಕ್ಕೆ ಎರಡು ವರ್ಷ ಮೊದಲಿನ ಮಾತು ನಾನು ಹೇಳಬೇಕಾದದ್ದು. ಬೆಳವಣಕಿಯಿಂದ ಅಕ್ಕನಿಗೆ ಉಡಿಕೆಯ ಮಾತು ಬಂತು. ನಮ್ಮಲ್ಲಿ ಗಂಡ ಸತ್ತವಳು ಸೀರೆ ಉಡಿಸಿಕೊಂಡು ಎರಡನೆಯ ಮನೆ ಮಾಡಬಹುದು. ಕೇಳಿದ ಗಂಡಿಗೂ ಹೆಂಡತಿ ಸತ್ತಿದ್ದಳು. ನಾಲ್ಕು ವರ್ಷದ ಮಗಳೊಬ್ಬಳಿದ್ದಳು. ಅಕ್ಕ ಆ ಕೂಸನ್ನು ರೋಣದ ಸಂತೆಯಲ್ಲಿ ಅದರ ಅಪ್ಪನ ಹೆಗಲ ಮೇಲೆ ಒಂದು ಸಲ ನೋಡಿದ್ದಳು. ಮಾತು ಬಂದಾಗ ಅವ್ವ, "ಹ್ಯಾಂಗವ್ವಾ, ನಿನ್ನ ಮನಸಿಗೆ ಬರತೈತೇನು?" ಎಂದು ಕೇಳಿದಳು. ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆಯೆತ್ತದೆ, "ಆ ಹುಡುಗಿ ತಲಿ ಬಾಚೋರಿಲ್ಲಬೇ. ಕೂದಲೆಲ್ಲಾ ಜಡಿಗಟ್ಟೈತಿ" ಎಂದಳು. ಅಷ್ಟೇ. ಅವ್ವನಿಗೆ ತಿಳಿಯಿತು. ನನಗೂ ತಿಳಿಯಿತು.

ಹುಡುಗನೂ ಅವನ ದೊಡ್ಡಪ್ಪನೂ ಒಂದು ದಿನ ಉಣ್ಣಲು ಬರುವುದೆಂದು ಗೊತ್ತಾಯಿತು. ಉಂಡು ಹೋದರೆ ಮಾತು ಗಟ್ಟಿಯಾದಂತೆ. ನಮ್ಮ ಮನೆಯಲ್ಲಿ ಚಂದವಿದ್ದದ್ದು ಒಂದೇ ಅಡ್ಡಣಿಗೆ. ಉಳಿದವು ಗೆದ್ದಲು ಹಿಡಿದು ಹೋಗಿದ್ದವು. ಪಕ್ಕದ ಮನೆಯಿಂದ ತರಬಹುದು, ಆದರೆ ಅವ್ವ ಒಪ್ಪಲಿಲ್ಲ. "ಬೀಗರಾಗೋರ ಮುಂದ ಕಡಾ ತಂದ ಅಡ್ಡಣಿಗಿ ಇಡಬಾರದು. ಹೆಣ್ಣೂ ಕಡಾ ತಂದಾರ ಅಂದಾರು." ಗಜೇಂದ್ರಗಡದ ಪೇಟೆಯಲ್ಲಿ ಸಾಗುವಾನಿಯದು ಸಿಗುತ್ತಿತ್ತು, ಅಪ್ಪ ಅತ್ತ ಮುಖ ಮಾಡಲಿಲ್ಲ.

"ನಾ ಮಾಡ್ತೇನಿ" ಎಂದಳು ಅಕ್ಕ.

ಅಪ್ಪ ನಕ್ಕುಬಿಟ್ಟ. "ನೀ ಮಾಡಿದ್ದರ ಮ್ಯಾಲೆ ಬೆಕ್ಕ ಉಂಡೀತು."

ಮುರಿದ ಚಕ್ಕಡಿಯ ಹಲಗೆಯೊಂದು ಹಿತ್ತಲಲ್ಲಿ ಬಿದ್ದಿತ್ತು, ಹತ್ತು ವರ್ಷ ಬಿಸಿಲು ಮಳೆ ಕುಡಿದು ಕಬ್ಬಿಣವಾಗಿತ್ತು. ಅದರಿಂದ ಮೇಲುಹಲಗೆ. ಬಿತ್ತುವ ಹಳೆಯ ಕೂರಿಗೆಯ ಕಟ್ಟಿಗೆಯಿಂದ ಮೂರು ಕಾಲು. ಮುದುಕನ ಬಾಚಿ, ಉಳಿ, ಬೈರಿಗೆ ಎಲ್ಲ ತಂದಳು. ಹಿತ್ತಲ ಬೇವಿನ ನೆರಳಲ್ಲಿ ನಾಲ್ಕು ದಿನ ಮಧ್ಯಾಹ್ನ ಕೆಲಸ ಮಾಡಿದಳು. ಹಲಗೆಯನ್ನು ದುಂಡಗೆ ಕೆತ್ತಿ, ಅಂಚನ್ನು ಇಟ್ಟಿಗೆ ಚೂರಿನಿಂದ ಉಜ್ಜಿ, ಕುಸುಬಿ ಎಣ್ಣೆ ಹಚ್ಚಿದಳು. ನಡುವೆ ನೀರು ಕುಡಿಯಲು ಎದ್ದು ಹೋಗುವಾಗಲೂ ತಿರುಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಉಳಿದ ಚೂರಿನಲ್ಲಿ ಅಂಗೈಯಗಲದ ಮತ್ತೊಂದು ಪುಟ್ಟ ಅಡ್ಡಣಿಗೆಯನ್ನೂ ಮಾಡಿದಳು. ಯಾರಿಗೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ.

ಕೊನೆಯ ದಿನ ಉಳಿ ಜಾರಿ ಅವಳ ಎಡ ಅಂಗೈ ಸೀಳಿತು. ಅರಿಶಿನ ಸುಣ್ಣ ಹಚ್ಚಿ ಅರಿವೆ ಸುತ್ತಿಕೊಂಡಳು. ಇನ್ನು ಉಳಿದದ್ದು ಬೆಣೆ. ಕಾಲಿನ ತುದಿ ಹಲಗೆಯ ತೂತಿನಿಂದ ಮೇಲೆ ಬಂದಿರುತ್ತದೆ. ಆ ತುದಿಯನ್ನು ಸೀಳಿ ಒಂದು ತೆಳ್ಳನೆಯ ಬೆಣೆ ಹೊಡೆದರೆ ಅದು ಅಗಲವಾಗಿ ಕಚ್ಚಿಕೊಳ್ಳುತ್ತದೆ. ಮೂರು ಕಾಲಿಗೆ ಮೂರು ಬೆಣೆ. ಅವಳು ನನ್ನನ್ನು ಕರೆದಳು.

"ತಮ್ಮಾ, ಅಟ್ಟದ ಮ್ಯಾಲೆ ಕೂರಿಗಿ ದಿಂಡಿನ ತುಂಡ ಐತಿ. ಒಲಿ ಹೊಗಿ ಕುಡದು ಒಣಗೈತಿ. ಅದರಾಗ ಮೂರ ಬೆಣಿ ಕೆತ್ತಿ ಹೊಡದಬಿಡು. ಹಸೀ ಕಟ್ಟಿಗಿ ಬ್ಯಾಡ ಮತ್ತ. ಹಸೀದು ಇವತ್ತ ಬಿಗೀತೈತಿ, ನಾಳೆ ಒಣಗಿ ಸಣ್ಣಾಗತೈತಿ."

"ಗೊತ್ತೈತಿ ಬಿಡಕ್ಕಾ. ನನಗೇನ ಹೇಳ್ತಿ" ಎಂದೆ.

ಆಗ ನನಗೆ ಇಪ್ಪತ್ತರ ಹತ್ತಿರ. ಲಗ್ನವಾಗಿತ್ತು. ಅಂದು ಗಜೇಂದ್ರಗಡದ ಸಂತೆ. ಓರಗೆಯವರು ಹೋರಿ ನೋಡಲು ಚಕ್ಕಡಿ ಹೂಡಿಕೊಂಡು ಊರ ಅಗಸಿಬಾಗಿಲಲ್ಲಿ ಕಾಯುತ್ತಿದ್ದರು. ದಿಂಡು ಕಲ್ಲಿನಂತಿತ್ತು. ಎರಡು ಬೆಣೆ ಕೆತ್ತುವಷ್ಟರಲ್ಲಿ ಕೈಗೆ ಬೊಬ್ಬೆ ಬಂತು. ಅಗಸಿಯಿಂದ ಒಬ್ಬ ಕೂಗಿದ. ಹಿತ್ತಲ ಬೇಲಿಯಲ್ಲಿ ಹಸಿ ಜಾಲಿಯ ಟೊಂಗೆಯಿತ್ತು. ಅದನ್ನು ಮುರಿದು ನಾಲ್ಕೇ ಏಟಿಗೆ ಮೂರನೆಯ ಬೆಣೆ ಕೆತ್ತಿದೆ. ಬೆಣ್ಣೆಯಂತೆ ಬಂತು. ಆದರೆ ಅದರ ಬಣ್ಣ ಬಿಳಿ. ಉಳಿದೆರಡು ಹೊಗೆ ಹಿಡಿದು ಕಪ್ಪಗಿದ್ದವು. ಹಂಚಿನ ಹಿಂಬದಿಯ ಮಸಿ ತೆಗೆದು ಅದಕ್ಕೆ ಚೆನ್ನಾಗಿ ತಿಕ್ಕಿದೆ. ಮೂರನ್ನೂ ಮರದ ಕೊಡತಿಯಿಂದ ಹೊಡೆದು ಕೂಡಿಸಿದೆ. ಒಂದೇ ಮನೆಯ ಮೂವರು ಮಕ್ಕಳಂತೆ ಕಂಡವು.

ಅಕ್ಕ ತುಂಬಿದ ನೀರಿನ ತಂಬಿಗೆಯನ್ನು ಅದರ ಮೇಲಿಟ್ಟು ಸುತ್ತಲೂ ನೆಲ ಒದೆದು ನೋಡಿದಳು. ಒಂದು ಹನಿ ತುಳುಕಲಿಲ್ಲ. "ಭೇಷ್ ತಮ್ಮಾ" ಎಂದಳು. ನಾನು ಸಂತೆಗೆ ಹೋದೆ.

ಮರುದಿನ ಅದನ್ನು ಮುದುಕನಿಗೆ ತೋರಿಸಲು ನಾನೇ ಒಯ್ದೆ. ಅಕ್ಕ ನೀರಿಗೆ ಹೋಗಿದ್ದಳು. ಅವನು ತೊಡೆಯ ಮೇಲಿಟ್ಟುಕೊಂಡು ಹಸುಗೂಸನ್ನು ಸವರಿದಂತೆ ಸವರಿದ. "ನಿಮ್ಮಕ್ಕ ಗಂಡಸಾಗಿ ಹುಟ್ಟಿದ್ರ ನನ್ನ ಹೊಟ್ಟಿಗೆ ಕಲ್ಲ ಹಾಕ್ತಿದ್ಲು" ಎಂದ. ಆಮೇಲೆ ಅವನ ಬೆರಳು ಬೆಣೆಗಳ ಮೇಲೆ ಬಂತು. ಒಂದು, ಎರಡು, ಮೂರನೆಯದರ ಮೇಲೆ ನಿಂತಿತು.

"ಇದು ತಂಪ ಹತ್ತತೈತೆಲ್ಲೋ."

"ಈಗ ಒರಸಿ ತಂದೇನಜ್ಜಾ. ನೀರಿಂದು."

"ಹೌದೇನು?" ಅವನು ಬೆರಳನ್ನು ಮತ್ತೊಮ್ಮೆ ಆ ಬೆಣೆಯ ಮೇಲೆ ಆಡಿಸಿದ. "ಹಂಗಾದ್ರ ಸರಿ."

ಆಗ ಅದನ್ನು ಕಿತ್ತು ಬೇರೆಯದು ಹೊಡೆಯಬಹುದಿತ್ತು. ಬೀಗರು ಬರಲು ಇನ್ನೂ ಮೂರು ವಾರವಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡೆ. ಆಮೇಲೆ ಮರೆತೆ. ಮರೆತೆ ಎಂದು ಬರೆಯುವುದು ಸುಲಭ. ಖರೇ ಹೇಳಬೇಕೆಂದರೆ, ನೆನಪಾದಾಗಲೆಲ್ಲ ಬೇರೆ ಕಡೆ ನೋಡಿದೆ.

ಎರೆ ಭೂಮಿ ಬಿರುಕು ಬಿಡುವ ಬಿಸಿಲು ಅದು. ಮೂರು ವಾರದಲ್ಲಿ ಹಸಿ ಬೆಣೆ ಏನಾಗಬೇಕೋ ಅದಾಯಿತು.

ಅವರು ಬಂದರು. ದೊಡ್ಡಪ್ಪ ಎಪ್ಪತ್ತರ ಮುದುಕ, ಹಣೆ ತುಂಬ ವಿಭೂತಿ, ಕಡಿಮೆ ಮಾತು. ಹುಡುಗ ನೆಲ ನೋಡುತ್ತ ಕೂತ. ಹಿರಿಯರಿಗೆ ಹೊಸದಿರಲಿ ಎಂದು ಅವ್ವ ಅಕ್ಕನ ಅಡ್ಡಣಿಗೆಯನ್ನೇ ಮುದುಕರ ಮುಂದಿಟ್ಟಳು. ಗೋಧಿ ಹುಗ್ಗಿ, ಮೇಲೆ ತುಪ್ಪ. ಅವರು ಅಂಗೈಯಲ್ಲಿ ಲಿಂಗ ಹಿಡಿದು, ಗಂಗಾಳವನ್ನು ಲಿಂಗಕ್ಕೆ ಅರ್ಪಿಸಿದರು. ಅರ್ಪಿಸಿದ ಮೇಲೆ ಅದು ಅನ್ನವಲ್ಲ, ಪ್ರಸಾದ. ಒಂದು ಅಗಳೂ ಕೆಡಬಾರದು. ಗಂಗಾಳ ತೊಳೆದ ನೀರನ್ನೂ ಕುಡಿಯುವ ನೇಮದವರು ಅವರು.

"ಯಾವ ಬಡಿಗ್ಯಾ ಮಾಡ್ಯಾನ್ರಿ ಇದನ್ನ? ಚಲೋ ಐತಿ" ಎಂದರು ಮುದುಕರು.

ಅಪ್ಪನ ಮೀಸೆ ಅರಳಿತು. "ನಮ್ಮ ಹುಡುಗೀನ ಮಾಡ್ಯಾಳ್ರಿ."

ಅವರು ಹೌದೇ ಎನ್ನುವಂತೆ ಮುಂದೆ ಬಾಗಿ, ನೋಡಲೆಂದು ಎಡಗೈ ಊರಿದರು. ಕಾಲು ಕಳಚಿತು. ಗಂಗಾಳ ಮಗುಚಿ, ಹುಗ್ಗಿ ಸಾರಿಸಿದ ನೆಲದ ತುಂಬ ಹರಡಿತು.

ಅಪ್ಪ ಎದ್ದು ನಿಂತವನು ನಿಂತೇ ಇದ್ದ. ಮುದುಕರು ಗಂಗಾಳವನ್ನು ನೆಟ್ಟಗೆ ಮಾಡಿ, ನೆಲದ ಮೇಲಿನ ಒಂದೊಂದೇ ಗೋಧಿ ಕಾಳನ್ನು ಎರಡು ಬೆರಳಿನಿಂದ ಹೆಕ್ಕಿ ಅದಕ್ಕೆ ಹಾಕತೊಡಗಿದರು. ಅವ್ವ, "ಬ್ಯಾಡ್ರಿ ಯಪ್ಪಾ, ಬ್ಯಾರೆ ನೀಡ್ತೇನ್ರಿ" ಎಂದು ಅತ್ತಳು. ಅವರು ತಲೆ ಅಲ್ಲಾಡಿಸಿದರು. ಎಲ್ಲವನ್ನೂ ಹೆಕ್ಕಿದರು. ಸಗಣಿಯ ಹಕ್ಕಳೆಯ ಸಮೇತ ಅದನ್ನು ಉಂಡರು. ಅಷ್ಟು ಹೊತ್ತೂ ನಾವು ನೋಡುತ್ತ ನಿಂತಿದ್ದೆವು. ಅಷ್ಟು ದೀರ್ಘವಾದ ಊಟವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಆ ನಡುವೆ ಅಕ್ಕ ಅಡುಗೆಮನೆಯಿಂದ ಬಂದು, ಕಳಚಿದ ಕಾಲನ್ನೂ ಉದುರಿದ ಬೆಣೆಯನ್ನೂ ಎತ್ತಿಕೊಂಡಳು. ಬೆಣೆಯನ್ನು ಒಂದು ಕ್ಷಣ ಬೆರಳಲ್ಲಿ ಹೊರಳಿಸಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಅಪ್ಪ ಹಲ್ಲು ಕಚ್ಚಿ ಕೇಳಿದ, "ಬೆಣಿ ಯಾರ ಹೊಡದ್ರು?"

ನಾನು ಕಂಬದ ಹತ್ತಿರ ನಿಂತಿದ್ದೆ. ನನ್ನ ಬಾಯಿ ತೆರೆಯಿತೋ ಇಲ್ಲವೋ ನೆನಪಿಲ್ಲ.

"ನಂದ ತಪ್ಪರಿ ಯಪ್ಪಾ" ಎಂದಳು ಅಕ್ಕ. "ಕೈಗೆ ಗಾಯ ಇತ್ತು, ಸಡ್ಲ ಹೊಡದೆ."

ಮುದುಕರು ಗಂಗಾಳ ತೊಳೆದು ಆ ನೀರು ಕುಡಿದರು. "ಊಟ ಚಲೋ ಆತು" ಎಂದರು. ಅಪ್ಪ ಬೆನ್ನು ಬಗ್ಗಿಸಿ ಮುಂದಿನ ಮಾತು ತೆಗೆದಾಗ, "ನೋಡೂಣ್ರಿ, ಮಳಿಗಾಲ ಹೋಗ್ಲಿ" ಎಂದರು. ಹೊಸ್ತಿಲು ದಾಟುವಾಗ ಹುಡುಗ ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಮಳೆಗಾಲ ಹೋಯಿತು. ಹೇಳಿಕೆ ಬರಲಿಲ್ಲ. ಊರ ಬಾಯಿ ಮಾತ್ರ ಬಂತು. "ಬಿತ್ತೂ ಕೂರಿಗಿ ಮುರದು ಊಟಕ್ಕ ಕಾಲ ಮಾಡ್ಯಾಳ, ನಿಂತೀತೇನು?" "ಹೆಂಗಸು ಉಳಿ ಹಿಡದ್ರ ಹಿಂಗ." ಒಬ್ಬಳಂತೂ ಬಾವಿಕಟ್ಟೆಯ ಮೇಲೆ ಅಕ್ಕನ ಎದುರಿಗೇ, "ಮೊದಲನೇವನ ಬದುಕು ಉಳೀಲಿಲ್ಲ, ಎರಡನೇವನ ಊಟ ಉಳೀಲಿಲ್ಲ" ಎಂದಳು. ಅಕ್ಕ ಕೊಡ ಎತ್ತಿಕೊಂಡು ಬಂದಳು.

ಬಡಿಗೇರ ಮುದುಕ ಇನ್ನೂ ಆರು ತಿಂಗಳು ಬದುಕಿದ್ದ. ಅವನ ಮನೆಯ ಮುಂದೆ ಹಾಯುವುದನ್ನು ನಾನು ಬಿಟ್ಟೆ. ಹೊಲಕ್ಕೆ ಹೋಗಲು ಸುತ್ತು ಹಾಕುತ್ತಿದ್ದೆ. ಅವನ ಉಪಕರಣಗಳೆಲ್ಲ ಅಕ್ಕನ ಪಾಲಿಗೆ ಬಂದವು. ನಮ್ಮ ಓಣಿಯ ಅಡ್ಡಣಿಗೆ, ಮಣೆ, ತೊಟ್ಟಿಲ ಗೊಂಬೆ ಎಲ್ಲವನ್ನೂ ಅವಳೇ ಮಾಡಿದಳು. ಬಾವಿಕಟ್ಟೆಯ ಮೇಲೆ ಹಂಗಿಸಿದವಳೂ ಮಗಳ ಲಗ್ನಕ್ಕೆ ಎರಡು ಮಾಡಿಸಿಕೊಂಡು ಹೋದಳು. ಅವಳು ಮಾಡಿದ ಯಾವುದರ ಕಾಲೂ ಮತ್ತೆ ಕಳಚಿದ್ದು ನಾನು ಕೇಳಿಲ್ಲ.

ಕಳಚಿದ್ದನ್ನು ಮಾತ್ರ ಅವಳು ತಾನೇ ಇಟ್ಟುಕೊಂಡಳು. ಅದೇ ಬೆಣೆಯನ್ನು ಮತ್ತೆ ಹೊಡೆದು, ಸಡಿಲಾದಾಗ ಒನಕೆಯ ತುದಿಯಿಂದ ಕುಟ್ಟಿ, ಮೊಣಕಾಲು ಒತ್ತಿ ಉಂಡಳು. ನರಗುಂದದಲ್ಲಿ ಬೆಂಕಿ ಬಿತ್ತು, ದಂಡು ಇತ್ತ ಬರುತ್ತದೆ ಎಂದು ಸುದ್ದಿಯಾಗಿ ನಾವೆಲ್ಲ ಅಸೂಟಿಯ ನಂಟರ ಮನೆಗೆ ಓಡಿದಾಗ, ಅವ್ವ ಜೋಳದ ಗಂಟು ಹೊತ್ತಳು, ನನ್ನ ಹೆಂಡತಿ ಕೂಸನ್ನು ಎತ್ತಿಕೊಂಡಳು, ಅಕ್ಕ ಕಂಕುಳಲ್ಲಿ ಆ ಅಡ್ಡಣಿಗೆಯನ್ನು ಇಟ್ಟುಕೊಂಡು ನಡೆದಳು. "ಬಂಗಾರ ಬಿಟ್ಟು ಕಟ್ಟಿಗಿ ಹೊತಗೊಂಡಾಳ, ಮಬ್ಬು" ಎಂದ ಅಪ್ಪ. "ಬಂಗಾರದ ಮ್ಯಾಲೆ ಉಣ್ಣಾಕ ಬರಂಗಿಲ್ಲಪಾ" ಎಂದಳು.

ಈಗ ಇದಕ್ಕಿಂತ ಕೆಟ್ಟದ್ದನ್ನು ಬರೆಯಬೇಕು. ಬೆಳವಣಕಿಯವನು ಬೇರೆ ಉಡಿಕೆ ಮಾಡಿಕೊಳ್ಳಲಿಲ್ಲ. ತಾಯಿಯನ್ನೂ ಮಗಳನ್ನೂ ಇಟ್ಟುಕೊಂಡು ಹಾಗೆಯೇ ಉಳಿದ. ಅದು ನನಗೆ ಗೊತ್ತಿತ್ತು. ಎರಡನೆಯ ವರ್ಷ ಒಂದು ಬೆಳಿಗ್ಗೆ, ಹೋಗಿ ಆ ಮುದುಕರ ಕಾಲು ಹಿಡಿದು ತಪ್ಪು ನನ್ನದು ಎಂದು ಹೇಳಬೇಕೆಂದು ಹೊರಟೆ. ಹಳ್ಳದ ದಂಡೆಯವರೆಗೆ ಹೋದೆ. ನೀರು ಮೊಣಕಾಲುದ್ದವೂ ಇರಲಿಲ್ಲ. ಅಲ್ಲಿ ಕೂತು ಬುತ್ತಿ ಬಿಚ್ಚಿ ಉಂಡೆ. ಉಣ್ಣುವಾಗ, ಅಕ್ಕ ಹೋದರೆ ಬೀಸುವವರು ಯಾರು, ಕಳೆ ತೆಗೆಯುವವರು ಯಾರು, ನನ್ನ ಹೆಂಡತಿ ಬಸುರಿ, ಅವ್ವನಿಗೆ ಕೈಲಾಗದು ಎಂದೆಲ್ಲ ಲೆಕ್ಕ ಹಾಕಿದೆ. ಅಕ್ಕ ಮನೆಯಲ್ಲಿದ್ದದ್ದರಿಂದ ನನಗೆ ಸುಖವಿತ್ತು. ಅಪ್ಪನ ಹೆದರಿಕೆ, ಊರವರ ನಾಚಿಕೆ ಎಲ್ಲ ಆಮೇಲಿನದು. ಬುತ್ತಿಯ ಅರಿವೆ ಝಾಡಿಸಿಕೊಂಡು ತಿರುಗಿ ಬಂದೆ.

"ಎಲ್ಲಿ ಹೋಗಿದ್ದಿ?" ಎಂದಳು ಅಕ್ಕ.

"ಹಳ್ಳದ ತನಕ."

ಅವಳು ನನ್ನ ಕಾಲು ನೋಡಿದಳು. ಒಣಗಿದ್ದವು. "ಕೈಕಾಲ ತೊಳಕೋ, ರೊಟ್ಟಿ ಹಾಕ್ತೇನಿ" ಎಂದಳು.

ಆ ಪುಟ್ಟ ಅಡ್ಡಣಿಗೆಯ ಮೇಲೆ ಅಡುಗೆಮನೆಯಲ್ಲಿ ಉಪ್ಪಿನ ಗಡಿಗೆ ಕೂತಿತ್ತು. ಎಂಟು ವರ್ಷ ಅಲ್ಲೇ ಇತ್ತು. ಒಂದು ದಿನ ನೋಡಿದರೆ ಗಡಿಗೆ ನೆಲದ ಮೇಲಿದೆ. ಎಲ್ಲಿ ಹೋಯಿತೆಂದು ಕೇಳಿದೆ.

"ಬಳಿಗಾರನ ಕೈಯಾಗ ಕೊಟ್ಟ ಕಳಿಸಿದೆ."

"ಯಾರಿಗೆ?"

"ಉಪ್ಪ ಇಡಾಕ ಬೇಕಾದೋರಿಗೆ."

ನಾನು ಮುಂದೆ ಕೇಳಲಿಲ್ಲ. ಆ ವರ್ಷ ಬೆಳವಣಕಿಯ ಆ ಹುಡುಗಿಯ ಲಗ್ನವಾಯಿತೆಂದು ಆಮೇಲೆ ಯಾರೋ ಹೇಳಿದರು.

ಅಪ್ಪ ಅವ್ವ ಹೋದರು. ನನ್ನ ಹೆಂಡತಿ ಹೋದಳು. ನಾನೂ ಅಕ್ಕನೂ ಎದುರುಬದುರು ಕೂತು ಉಣ್ಣುವ ಇಬ್ಬರು ಮುದುಕರಾದೆವು. ಕಳೆದ ದೀಪಾವಳಿ ಆದ ಮೇಲೆ ಒಂದು ಮಧ್ಯಾಹ್ನ ಅವಳು ತುತ್ತು ಎತ್ತಿದವಳು ಕೆಳಗಿಟ್ಟು, ಬೆಣೆಯ ತಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಆಡುವ ಮಾತಿನಲ್ಲೇ, ಸಿಟ್ಟಿಲ್ಲದೆ ಹೇಳಿದಳು.

"ಮಸಿ ತಿಕ್ಕೂಕಿಂತ ಕೆತ್ತೂದ ಸಸಾರ ಇತ್ತಲ್ಲೋ ತಮ್ಮಾ."

"ಎಂದ ಗೊತ್ತಾತಕ್ಕಾ?" ಎಂದೆ.

"ಅವತ್ತ. ಎತ್ತಿದಾಗ ಮಸಿ ಬೆರಳಿಗೆ ಹತ್ತಿತ್ತು. ಹೊಗಿ ಕುಡದ ಕಟ್ಟಿಗಿ ಮಸಿ ಬಿಡೂದಿಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕಾದೆ."

"ಎಷ್ಟ ದಿನ ಕಾದಿ?"

ಅವಳು ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದಳು. "ಆ ಹುಡುಗಿ ಲಗ್ನ ಆಗೂ ತನಕ. ಆಮ್ಯಾಲೆ ತಲಿ ಬಾಚೂದರ ಏನಿತ್ತು." ಗಂಗಾಳ ಮುಂದೆ ಸರಿಸಿ, "ಮಜ್ಜಿಗಿ ಹಾಕು" ಎಂದಳು.

ಹಾಕಿದೆ. ತಪ್ಪಾಯಿತು ಎಂಬ ಮಾತು ಆಗಲೂ ಬರಲಿಲ್ಲ. ಮುಂದಿನ ಮೂರು ತಿಂಗಳೂ ದಿನಕ್ಕೆರಡು ಸಲ ಅವಳ ಎದುರಿಗೆ ಕೂತೆ, ಬರಲಿಲ್ಲ.

ಅವಳು ಹೋದ ಮೇಲೆ ಸೊಸೆ ಆ ಅಡ್ಡಣಿಗೆಯನ್ನು ಒಲೆಗೆ ಹಾಕಲೇ ಎಂದಳು. ಬೇಡವೆಂದೆ. ಅಟ್ಟ ಹತ್ತಿ ಹುಡುಕಿದರೆ ಕೂರಿಗೆ ದಿಂಡಿನ ತುಂಡು ಇನ್ನೂ ಅಲ್ಲೇ ಇತ್ತು, ಎರಡು ಬೆಣೆ ತೆಗೆದ ಗುರುತಿನ ಸಮೇತ. ಹೊರಗೆ ಕಟ್ಟೆಯ ಮೇಲೆ ಕೂತು, ಅಕ್ಕನ ಉಳಿಯಿಂದ ಮೂರನೆಯದನ್ನು ಕೆತ್ತಿದೆ. ನಾನು ಕೂತಾಗ ಸೊಸೆ ಹಂಚಿನ ಮೇಲೆ ಮೊದಲ ರೊಟ್ಟಿ ಹಾಕಿದ್ದಳು. ಮುಗಿಸಿ ಎದ್ದಾಗ ಅವಳು ಇನ್ನೂ ನಾಲ್ಕನೆಯ ರೊಟ್ಟಿಯನ್ನು ತಿರುವುತ್ತಿದ್ದಳು.